ಪಕ್ಕಾ ಬಂದೋಬಸ್ತ್

ಹುಳಿ ಹೆಂಡದ ವಾಸನೆ ಬಂದರೆ ಮರ್ಯಾದಸ್ಥ ಮನೆತನದ ಹೆಂಗಸು ಸೆರಗನ್ನು ಮೂಗಿಗೆ ಹಿಡಿಯಬೇಕು. ನಾನೂ ಹಿಡಿಯುತ್ತೇನೆ. ಆದರೆ ಅಷ್ಟರಲ್ಲಿ ಕಣ್ಣುಗಳು ತುಂಬಿರುತ್ತವೆ, ಅವನ್ನು ಒರೆಸಿಕೊಳ್ಳುವುದಕ್ಕೂ ಅದೇ ಸೆರಗು ಬೇಕಾಗುತ್ತದೆ. ಹೋದ ವರ್ಷ ಮದುವೆಯೊಂದಕ್ಕೆಂದು ಕುಷ್ಟಗಿಯಿಂದ ಕನಕಗಿರಿಗೆ ಹೋಗುವಾಗ ನಮ್ಮ ಬಸ್ಸು ಹಳ್ಳವೊಂದರ ಹತ್ತಿರ ಗಾಲಿ ಕೆಟ್ಟು ನಿಂತಿತು. ಕೆಳಗಿಳಿದೆ. ಈಚಲು ಗಿಡಗಳ ಕಡೆಯಿಂದ ಗಾಳಿ ಬೀಸಿತು, ಆ ವಾಸನೆ ಬಂತು. ಜೊತೆಗಿದ್ದ ಸೊಸೆ, 'ಅತ್ತೀ, ಯಾಕ್ರಿ, ಅಳಾಕ್ಹತ್ತೀರಲ್ಲ?' ಎಂದಳು. ಕಣ್ಣಿಗೆ ಧೂಳು ಬಿತ್ತು ಎಂದೆ. ಜಾಣೆ, ಮತ್ತೆ ಕೇಳಲಿಲ್ಲ.

ಆ ಹಳ್ಳದ ಆಚೆ ದಂಡೆಯ ಊರಿನಲ್ಲಿ ನಾನು ಒಂದೇ ಒಂದು ವರ್ಷ ಸಂಸಾರ ಮಾಡಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳಲಿರುವವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ, ಮರ್ಯಾದೆಯಿಂದ ಬದುಕುತ್ತಿದ್ದಾರೆ. ಅದು ನಿಜಾಮರ ಕಾಲ, ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು. ನನ್ನ ಯಜಮಾನರು ಸರಕಾರಿ ಸಾಲೆಯ ಮಾಸ್ತರರು. ಉರ್ದು ಬಲ್ಲವರು, ಕನ್ನಡ ಬಲ್ಲವರು, ಹೆಂಡತಿಯೊಂದಿಗೆ ಮಾತ್ರ ಯಾವ ಭಾಷೆಯಲ್ಲೂ ಹೆಚ್ಚು ಮಾತಾಡದವರು. ನಾನು ಕೊಪ್ಪಳದ ಕೋಟೆಯ ಬುಡದಲ್ಲಿ ಬೆಳೆದವಳು, ಬಾಯಿ ಸುಮ್ಮನಿರುತ್ತಿರಲಿಲ್ಲ. ಶ್ರಾವಣದ ಜಿಟಿಜಿಟಿಯಲ್ಲಿ ಚಕ್ಕಡಿಯ ಮೇಲೆ ಪಾತ್ರೆ, ಹಾಸಿಗೆ, ಒಂದು ತುಳಸಿ ಗಿಡ ಹೇರಿಕೊಂಡು ಆ ಊರಿಗೆ ಹೋದೆವು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎನ್ನುತ್ತಾರೆ. ಬಾವಿಯ ಹತ್ತಿರವೇ ನನಗೆ ಹನುಮವ್ವ ಸಿಕ್ಕಳು. ಊರ ಕಾವಲಿನ ತಳವಾರ ದುರ್ಗಪ್ಪನ ಹೆಂಡತಿ. ಎತ್ತರದ ಹೆಂಗಸು, ಅವಳ ದನಿ ಅವಳಿಗಿಂತ ಎತ್ತರ. ಬಾವಿಯ ಈ ಕಡೆ ನಿಂತು ಮಾತಾಡಿದರೆ ಊರಬಾಗಿಲ ಅಗಸಿಯಲ್ಲಿ ಕುಳಿತವರು ಉತ್ತರ ಕೊಡುತ್ತಿದ್ದರು. ಮೊದಲನೆಯ ದಿನವೇ ನನ್ನ ಕೊಡವನ್ನು ಕಸಿದುಕೊಂಡು, 'ಅಕ್ಕಾರ, ಈ ತೋಳಿಲೆ ಏನ್ ನೀರು ಸೇದ್ತೀರಿ? ಹಗ್ಗನ ನಿಮ್ಮನ್ನ ಒಳಗ ಎಳಕೊಂಡೀತು, ಸರೀರಿ' ಎಂದಳು. ಅಂದಿನಿಂದ ನಾವು ಗೆಳತಿಯರು.

ದುರ್ಗಪ್ಪ ಅವಳಿಗೆ ತದ್ವಿರುದ್ಧ. ಕೋಲಿನ ತುದಿಗೆ ಕಬ್ಬಿಣದ ಬಳೆ ಹಾಕಿಸಿಕೊಂಡಿದ್ದ. ಕತ್ತಲಾದ ಮೇಲೆ ಆ ಬಳೆಯ ಸದ್ದು ಓಣಿ ಓಣಿ ತಿರುಗುತ್ತಿತ್ತು. ಅದು ದೂರ ಹೋಗುವುದನ್ನು ಕೇಳುತ್ತ ಊರು ನಿದ್ದೆ ಹೋಗುತ್ತಿತ್ತು. ಅರ್ಧ ಮನೆಗಳಿಗೆ ಕೀಲಿಯಿರಲಿಲ್ಲ, ಕಣದಲ್ಲಿ ಜೋಳದ ರಾಶಿಯ ಮೇಲೆ ಬೂದಿಯ ಗೆರೆ ಎಳೆದು ಬಂದರೆ ಸಾಕಿತ್ತು. ಅವನ ಅಪ್ಪ ಕುಡಿದು ಬಾವಿಗೆ ಬಿದ್ದು ಸತ್ತವನು. ಅದಕ್ಕೇ ದುರ್ಗಪ್ಪ ಹೆಂಡವನ್ನು ಮುಟ್ಟುತ್ತಿರಲಿಲ್ಲ. ದ್ಯಾಮವ್ವನ ಗುಡಿಯಲ್ಲಿ ಪ್ರಸಾದವೆಂದು ಕೊಟ್ಟರೂ ಕಣ್ಣಿಗೊತ್ತಿಕೊಂಡು ಗಿಡದ ಬುಡಕ್ಕೆ ಸುರಿಯುತ್ತಿದ್ದನಂತೆ.

ಊರಿನ ಉಳಿದ ಗಂಡಸರಿಗೆ ಅಂಥ ಕಷ್ಟವೇನೂ ಇರಲಿಲ್ಲ. ಹಳ್ಳದ ಈಚಲು ಸಾಲಿನಲ್ಲಿ ಸಣ್ಣೆಪ್ಪನೆಂಬವನು ಸೇಂದಿ ಇಳಿಸಿ ಮಾರುತ್ತಿದ್ದ. ಆಬ್ಕಾರಿಯವರು ಅವನಿಗೆ ಸಣ್ಣದೊಂದು ಪರವಾನಗಿ ಕೊಟ್ಟಿದ್ದರು, ಅದಕ್ಕೊಂದು ಜೋಪಡಿ, ನಾಲ್ಕಾರು ಗಡಿಗೆ. ಸಣ್ಣೆಪ್ಪ ದುರ್ಗಪ್ಪನ ಬಾಲ್ಯದ ಗೆಳೆಯ. ನಗಿಸುವ ಮನುಷ್ಯ, ಮೈಮೇಲೆ ಎಚ್ಚರ ತಪ್ಪಿದವನಿಗೆ ಮತ್ತೆ ಹೊಯ್ಯುತ್ತಿರಲಿಲ್ಲ. ಸಣ್ಣೆಪ್ಪ ಒಳ್ಳೆಯವನೆಂದ ಮಾತ್ರಕ್ಕೆ ಹೆಂಡ ಒಳ್ಳೆಯದಾಗುತ್ತದೆಯೇ? ದಿನಗೂಲಿಯ ಜೋಳ ಮನೆಗೆ ಬರುವ ದಾರಿಯಲ್ಲಿ ಹಳ್ಳಕ್ಕೆ ಹೊರಳುತ್ತಿತ್ತು. ಬಾವಿಗೆ ಬರುವ ಹೆಂಗಸರ ತೋಳಿನ ಮೇಲೆ ನೀಲಿ ಗುರುತುಗಳಿರುತ್ತಿದ್ದವು. ಎಮ್ಮೆ ಒದೆಯಿತು ಎನ್ನುತ್ತಿದ್ದರು, ಎಮ್ಮೆಯೇ ಇಲ್ಲದವರೂ ಹಾಗೆಯೇ ಹೇಳುತ್ತಿದ್ದರು.

ಮಹಾನವಮಿಯ ಹಿಂದುಮುಂದು ಒಬ್ಬಳು ಹರಿದ ಕಿವಿಯೊಂದಿಗೆ ನೀರಿಗೆ ಬಂದಳು. ಗಂಡ ಓಲೆಯನ್ನು ಬಿಚ್ಚುವ ತಾಳ್ಮೆಯಿಲ್ಲದೆ ಎಳೆದುಕೊಂಡು ಹೋಗಿದ್ದ. ರಕ್ತ ರವಿಕೆಗೆ ಅಂಟಿ ಒಣಗಿತ್ತು. ಅವತ್ತು ಯಾರೂ ಎಮ್ಮೆಯ ಹೆಸರು ಎತ್ತಲಿಲ್ಲ. ಆಬ್ಕಾರಿ ಸಾಹೇಬರು ತಾಲ್ಲೂಕು ಸುತ್ತುತ್ತಿದ್ದಾರೆ, ಹುಣ್ಣಿವೆಯ ಹೊತ್ತಿಗೆ ನಮ್ಮೂರಿಗೂ ಬರುತ್ತಾರೆ ಎಂಬ ಸುದ್ದಿಯನ್ನು ಹನುಮವ್ವನೇ ತಂದಳು.

'ಎಲ್ಲಾರೂ ಕೂಡಿ ಕೇಳೂಣು. ಈ ಅಂಗಡಿ ಬ್ಯಾಡ ಅನ್ನೂಣು.'

'ಕೇಳಿದ್ದು ಗೊತ್ತಾದ್ರ ನನ್ನ ಗಂಡ ಹೆಣಾ ಹಾಕ್ತಾನ' ಎಂದಳು ಕಿವಿ ಹರಿದವಳು.

'ನೀವ್ಯಾರೂ ಬಾಯಿ ತೆರೀಬ್ಯಾಡ್ರಿ. ನನ್ನ ಗಂಡ ಕುಡಿಯಂಗಿಲ್ಲ, ಹೊಡಿಯಂಗೂ ಇಲ್ಲ. ಅದಕ್ಕ ನಾನ ಮಾತಾಡ್ತೀನಿ. ನೀವು ಬರೇ ನನ್ನ ಹಿಂದ ನಿಂದರ್ರಿ' ಎಂದಳು ಹನುಮವ್ವ.

ಇನ್ನು ಭಾಷೆಯ ಪ್ರಶ್ನೆ. ಸಾಹೇಬರು ಹೈದರಾಬಾದಿನವರು, ಕನ್ನಡ ಬಾರದು. ಊರಲ್ಲಿ ಉರ್ದು ಚೆನ್ನಾಗಿ ಬಲ್ಲವರೆಂದರೆ ನನ್ನ ಯಜಮಾನರು. ಅವರನ್ನೋ, ಮಾಸ್ತರರಿಗೆಲ್ಲ ತರಬೇತಿ ಎಂದು ಕುಷ್ಟಗಿಗೆ ಕರೆಸಿಕೊಂಡಿದ್ದರು. ಹನುಮವ್ವನಿಗೆ ಅದರ ಚಿಂತೆಯಿರಲಿಲ್ಲ. ತಳವಾರನ ಮನೆಯವಳಲ್ಲವೇ, ಕಚೇರಿಯ ಮಾತು ಒಂದೆರಡು ಅವಳ ಕಿವಿಗೂ ಬಿದ್ದಿದ್ದವು. 'ಅಂಗಡಿ ಮುಚ್ಚ್ರಿ ಅಂದ್ರ ಅವ್ರಿಗೆ ತಿಳಿಯಂಗಿಲ್ಲರಿ, ಅಕ್ಕಾರ. ಅವ್ರ ಮಾತಿನ್ಯಾಗ ಹೇಳಬೇಕು. ಅಂಗಡಿ ಬಂದೋಬಸ್ತ್ ಮಾಡ್ರಿ ಅಂತೀನಿ' ಎಂದಳು. ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ನಮ್ಮ ಕಡೆ ಬಂದೋಬಸ್ತ್ ಎಂದರೆ ಇನ್ನೇನು? ಬಾಗಿಲು ಬಂದೋಬಸ್ತ್ ಹಾಕು, ಚೀಲದ ಬಾಯಿ ಬಂದೋಬಸ್ತ್ ಕಟ್ಟು. ನಮ್ಮವ್ವ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಬಿಗಿಯುವಾಗಲೂ ಅದೇ ಮಾತು ಹೇಳುತ್ತಿದ್ದಳು. ಗಾಳಿ ಆಡದಂತೆ ಮುಚ್ಚುವುದು ಎಂದೇ ನಮ್ಮ ತಿಳಿವಳಿಕೆ.

ಸಾಹೇಬರು ಕುದುರೆಯ ಮೇಲೆ ಬಂದರು. ಬಿಳಿ ಗಡ್ಡದ, ನಗುಮುಖದ ಮನುಷ್ಯ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಅಗಸಿಯ ಬೇವಿನ ಕೆಳಗೆ ಕುಳಿತು ಮಜ್ಜಿಗೆ ಕುಡಿದರು, ಹೆಂಗಸರ ಗುಂಪನ್ನು ಕಂಡು ತಾವೇ ಹತ್ತಿರ ಕರೆದರು. ಹನುಮವ್ವ ಮುಂದೆ ಹೋಗಿ, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಇಡೀ ಊರಿಗೆ ಕೇಳುವಂತೆ ಹೇಳಿದಳು: 'ಸಾಹೇಬ್ರ, ಹೆಂಡದ ದುಕಾನ್ ಬಂದೋಬಸ್ತ್ ಮಾಡ್ರಿ! ನಮ್ಮ ಮಕ್ಕಳು ಉಪಾಸ ಅದಾವ್ರಿ, ಬಂದೋಬಸ್ತ್ ಮಾಡ್ರಿ!'

ಸಾಹೇಬರ ಹುಬ್ಬು ಮೇಲೇರಿತು. 'ದುಕಾನ್ ಕಾ ಬಂದೋಬಸ್ತ್?' ಎಂದು ತಿರುಗಿ ಕೇಳಿದರು.

'ಹೌದ್ರಿ, ಬಂದೋಬಸ್ತ್! ಪಕ್ಕಾ!' ಎಂದಳು ಹನುಮವ್ವ. ಹಿಂದಿದ್ದ ಹೆಂಗಸರೆಲ್ಲ ಧೈರ್ಯ ತಂದುಕೊಂಡು, ಪಕ್ಕಾ ಪಕ್ಕಾ ಎಂದರು.

'ಬೇಶಕ್, ಮಾ. ಪಕ್ಕಾ ಬಂದೋಬಸ್ತ್' ಎಂದು ಸಾಹೇಬರು ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಅವರು ಹೋದ ಮೇಲೆ ನಾವು ದ್ಯಾಮವ್ವನಿಗೆ ಕಾಯಿ ಒಡೆಸಿದೆವು, ಬೆಲ್ಲ ಹಂಚಿದೆವು. ಕಿವಿ ಹರಿದವಳು ಹನುಮವ್ವನ ಕಾಲಿಗೆ ಬೀಳಲು ಬಂದಳು.

ದೀಪಾವಳಿ ಕಳೆದ ಮೇಲೆ ಚಕ್ಕಡಿಗಳಲ್ಲಿ ಕಲ್ಲು ಬಂದವು, ಜೊತೆಗೆ ಗೋಡೆ ಕಟ್ಟುವ ಉಪ್ಪಾರರು ಬಂದರು. 'ಸಣ್ಣೆಪ್ಪನ ಅಂಗಡಿ ಬಾಗಲಕ್ಕ ಕಲ್ಲು ಕಟ್ಟಾಕ ಬಂದಾರ' ಎಂದು ಹನುಮವ್ವ ಓಡಿಬಂದು ಹೇಳಿದಳು. ಜೋಪಡಿಯ ಬಾಗಿಲಿಗೆ ಇಷ್ಟೊಂದು ಕಲ್ಲು ಏಕೆಂದು ಕೇಳುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ. ಅದೇ ವಾರ ತರಬೇತಿ ಮುಗಿಸಿ ಬಂದ ಯಜಮಾನರು ಅಗಸಿಯಲ್ಲಿ ನಿಂತು ಕಲ್ಲು ನೋಡಿದರು, ಮನೆಗೆ ಬಂದು ಏನಾಯಿತೆಂದು ಕೇಳಿದರು, ನಾನು ಹೆಮ್ಮೆಯಿಂದ ಹೇಳಿದೆ. ಅವರು ರುಮಾಲು ತೆಗೆದು ನೆಲದ ಮೇಲೆ ಕುಳಿತುಬಿಟ್ಟರು.

'ಅಯ್ಯೋ ಹುಚ್ಚವ್ವಗಳಿರಾ! ಅವ್ರ ಮಾತಿನ್ಯಾಗ ಬಂದೋಬಸ್ತ್ ಅಂದ್ರ ಏರ್ಪಾಡು. ಛಲೋ ಏರ್ಪಾಡು ಮಾಡಿಕೊಡ್ರಿ ಅಂತ ಕೇಳೀರಿ ನೀವು.'

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಯಜಮಾನರು ಮರುದಿನವೇ ಕುಷ್ಟಗಿಗೆ ಹೋದರು. ಹೊಸ ಅಂಗಡಿಗೆ ಹುಕುಂ ಆಗಿದೆ, ಹರಾಜೂ ಆಗಿದೆ, ಹರಾಜು ಹಿಡಿದ ಗುತ್ತೇದಾರನ ವರ್ಷ ಮುಗಿಯುವ ತನಕ ಯಾರೂ ಏನೂ ಮಾಡುವಂತಿಲ್ಲ ಎಂದರಂತೆ. ಊರ ಹೆಂಗಸರೇ ಮುಂದೆ ಬಂದು ಶಿಸ್ತಿನ ಅಂಗಡಿ ಬೇಡಿದ್ದು ಈ ತಾಲ್ಲೂಕಿನಲ್ಲಿ ಇದೇ ಮೊದಲು ಎಂದು ಅಲ್ಲಿಯ ಗುಮಾಸ್ತನೊಬ್ಬ ನಕ್ಕನಂತೆ.

ಹನುಮವ್ವನಿಗೆ ಅದನ್ನು ಹೇಳಿದವಳು ನಾನು. ಅವಳು ಕೊಡ ಇಳಿಸಿದಳು. 'ನಾ ಹಂಗ ಅಂದಿಲ್ಲಲ್ರಿ' ಎಂದಳು. ಆಮೇಲೆ, 'ಅಕ್ಕಾರ, ಮಂದಿಗೆ ಹೇಳಬ್ಯಾಡ್ರಿ' ಎಂದಳು. ಮಂದಿಗೆ ಆಗಲೇ ಗೊತ್ತಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಊರ ಅಗಸಿಯ ಮಗ್ಗುಲಿಗೇ ಹಂಚಿನ ಅಂಗಡಿ ಎದ್ದಿತು. ಕುಳಿತುಕೊಳ್ಳಲು ಕಟ್ಟೆ, ಕಂದೀಲು, ಬಾಗಿಲ ಮೇಲೆ ಸರಕಾರದ ಹಲಗೆ. ಗುತ್ತೇದಾರ ಗಂಗಾವತಿಯ ಕಡೆಯವನು. ಅವನ ಮನುಷ್ಯ ಸೇಂದಿಯ ಜೊತೆಗೆ ಬಾಟಲಿಯ ಸರಾಯಿಯನ್ನೂ ತಂದ. ಮೊದಲು ಕುಡಿಯುವವನು ಹಳ್ಳದ ಹಿಂದೆ ತಲೆ ತಗ್ಗಿಸಿ ಹೋಗುತ್ತಿದ್ದ, ಮಾವನೋ ಗುರುಗಳೋ ಎದುರಾದರೆ ಹೊಲಕ್ಕೆ ಹೊರಟವನಂತೆ ನಟಿಸುತ್ತಿದ್ದ. ಸರಕಾರವೇ ಬಾಗಿಲು ತೆರೆದ ಮೇಲೆ ನಾಚಿಕೆ ಯಾರಿಗೆ? ಎಂದೂ ಮುಟ್ಟದವರು ಕೂಡ ಕಟ್ಟೆಯ ಮೇಲೆ ಕುಳಿತು, 'ಇದು ಪರವಾನಗಿದ್ದಪ್ಪಾ, ಕಳ್ಳ ಮಾಲಲ್ಲ' ಎಂದು ಮೀಸೆ ಒರೆಸಿಕೊಳ್ಳತೊಡಗಿದರು.

ಇತ್ತ ಸಣ್ಣೆಪ್ಪನ ಪರವಾನಗಿ ರದ್ದಾಯಿತು. ಅಜ್ಜನ ಕಾಲದಿಂದ ಹತ್ತಿದ ಗಿಡ ಹತ್ತಿದರೆ ಈಗ ಕಳವು. ಮನೆಯಲ್ಲಿ ಬಾಣಂತಿಗೆಂದು, ದೇವರಿಗೆಂದು ಒಂದು ಗಡಿಗೆ ಕಟ್ಟಿದವರನ್ನೂ ಹಿಡಿದು ಒಯ್ದರು. ಅದುವರೆಗೆ ಠಾಣೆಯ ಮೆಟ್ಟಿಲು ಕಾಣದ ಊರಿಗೆ ಪೊಲೀಸ್ ಜವಾನರ ಓಡಾಟ ಶುರುವಾಯಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅಂಗಡಿಗೆ ಕಾವಲು ಬೇಕೆಂದು ದುರ್ಗಪ್ಪನನ್ನೇ ಅಲ್ಲಿ ಕೂರಿಸಿದರು. ಸಂಜೆಯಿಂದ ಬಾಗಿಲು ಮುಚ್ಚುವ ತನಕ ಅವನು ಅಲ್ಲಿಂದ ಕದಲುವಂತಿರಲಿಲ್ಲ.

ಮೊದಮೊದಲು ಅಂಗಡಿಗೆ ಬೆನ್ನು ಮಾಡಿ ಕುಳಿತ. ಚಳಿಗಾಲ ಆ ವರ್ಷ ಜೋರಾಗಿತ್ತು. ಎಳ್ಳಮಾವಾಸ್ಯೆಯ ಹೊತ್ತಿಗೆ ಎರೆಹೊಲದ ಗಾಳಿ ಎಲುಬಿಗೆ ತಾಗುತ್ತಿತ್ತು. ಗುತ್ತೇದಾರನ ಮನುಷ್ಯ, ಚಳಿಗೆ ಔಷಧ ಎಂದು ಒಂದು ಗುಟುಕು ಕೊಟ್ಟ. ಕಾವಲುಗಾರ ಕುಡುಕನಾದರೆ ಅಂಗಡಿಯವನಿಗೆ ಲಾಭವೇ ಹೊರತು ನಷ್ಟವೇನು? ಜೋಳ ಹಾಲುಗಾಳಾಗುವಾಗ ಗುಟುಕು, ತೆನೆ ಬಲಿಯುವಾಗ ಬಾಟಲಿ. ಅವನ ಕೋಲಿನ ಸದ್ದು ಓಣಿಗಳಲ್ಲಿ ನಿಂತಿತು. ಸುಗ್ಗಿಯಲ್ಲಿ ಕಣದ ರಾಶಿಗಳು ಕರಗಿದವು, ಬೂದಿಯ ಗೆರೆ ತುಳಿದು ಹೋಗಿದ್ದರು. ನಮ್ಮ ಓಣಿಯಲ್ಲಿಯೇ ಎತ್ತು ಬಿಚ್ಚಿಕೊಂಡು ಹೋದರು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಮಂದಿ ಹನುಮವ್ವನಿಗೆ ಕೇಳುವಂತೆಯೇ ಅಂದರು. ಕಿನ್ನಾಳದ ಕಡೆಯ ಬಡಿಗನೊಬ್ಬ ಬಂದು ಬಾಗಿಲುಗಳಿಗೆ ಅಗುಳಿ ಹಾಕಿಕೊಟ್ಟ. ಅವನ ಕೆಲಸ ಮುಗಿಯಲು ಬಹಳ ದಿನ ಹಿಡಿಯಿತು.

ಹನುಮವ್ವ ಗಂಡನನ್ನು ಬೈದಳು, ಅತ್ತಳು, ಉಪವಾಸ ಕೆಡವಿದಳು. ಒಮ್ಮೆ ನನ್ನೆದುರಿಗೇ ಅವನು ತಲೆ ತಗ್ಗಿಸಿ, 'ನೀನ ಬೇಡಿಕೊಂಡು ತಂದ ಅಂಗಡಿ ಅಲ್ಲೇನ, ಹನುಮಿ?' ಎಂದ. ಕುಟುಕುವುದಕ್ಕೆ ಅಂದದ್ದಲ್ಲ, ಮೆತ್ತಗೆ ಅಂದದ್ದು. ಆದರೆ ಆ ದಿನದಿಂದ ಅವಳ ಬೈಗಳು ನಿಂತವು. ಬಾವಿಯಲ್ಲಿ ಅವಳ ದನಿ ಕೇಳುವುದು ಕಡಿಮೆಯಾಯಿತು.

ಯುಗಾದಿ ಕಳೆದು ಬಿಸಿಲು ಏರಿದ ಒಂದು ಮಧ್ಯಾಹ್ನ, ಸಣ್ಣೆಪ್ಪ ಈಚಲ ಗಿಡ ಹತ್ತಿದ್ದಾನೆ ಎಂದು ಗುತ್ತೇದಾರನ ಮನುಷ್ಯ, ಈಗೀಗ ಹಗಲೂ ಅಂಗಡಿಯ ಕಟ್ಟೆಯ ಮೇಲೆಯೇ ಬಿದ್ದಿರುತ್ತಿದ್ದ ದುರ್ಗಪ್ಪನನ್ನು ಎಬ್ಬಿಸಿ ಕಳಿಸಿದ. ದುರ್ಗಪ್ಪ ಕುಡಿದೇ ಇದ್ದ. ಗಂಡನಿಗೆ ಬುತ್ತಿ ಒಯ್ಯುತ್ತಿದ್ದ ಹನುಮವ್ವ ಅವನು ಹಳ್ಳದ ಕಡೆ ಹೋಗುವುದನ್ನು ಕಂಡು ಹಿಂದೆಯೇ ಹೋದಳು. ಅಲ್ಲಿ ನಡೆದದ್ದನ್ನು ಕಂಡವಳು ಅವಳೊಬ್ಬಳೇ. ಸಂಜೆ ನನ್ನ ಅಡುಗೆಮನೆಯಲ್ಲಿ ಕುಳಿತು, ಗೋಡೆ ನೋಡುತ್ತ ಹೇಳಿದಳು.

'ಸಣ್ಣೆಪ್ಪ ಕೆಳಗ ಇಳದ್ನರಿ. ನನ್ನ ಮಕ್ಕಳ ಅನ್ನಾ ಕಸಗೊಂಡ್ರಿ ಅಂತ ಅಳಾಕ್ಹತ್ತಿದ್ದ. ಇಂವ ಗಡಗಿ ಒಡದ. ಅಂವ ಗಿಡಾ ಕೆತ್ತೂ ಕತ್ತಿ ಎತ್ತಿಕೊಂಡು ಮ್ಯಾಲ ಬಂದ. ಅಂವ ಎತ್ತಿದ ಮ್ಯಾಲನ ಇಂವ ಕೋಲು ಬೀಸಿದ್ದು. ಒಂದ ಏಟುರಿ. ಕಲ್ಲಿನ ಮ್ಯಾಲ ಬಿದ್ದ. ಆಮ್ಯಾಲ ಇಂವನ ಅವನ ತಲಿ ತೊಡಿ ಮ್ಯಾಲ ಇಟಗೊಂಡು ಸಣ್ಯಾ, ಏಳಲೇ, ಸಣ್ಯಾ ಅಂತ ಕೂಗಿದ.'

ಸಣ್ಣೆಪ್ಪ ಏಳಲಿಲ್ಲ. ದುರ್ಗಪ್ಪ ಓಡಿಹೋಗಲಿಲ್ಲ, ಜವಾನರು ಬರುವ ತನಕ ಅಲ್ಲಿಯೇ ಕುಳಿತಿದ್ದ.

ಯಜಮಾನರಿಗೆ ಸ್ವಲ್ಪ ಆಸೆಯಿತ್ತು. ಎದುರಿನವನು ಕತ್ತಿ ಎತ್ತಿದ್ದನೆಂದು ಹನುಮವ್ವ ಕಣ್ಣಾರೆ ಕಂಡದ್ದನ್ನು ಹೇಳಿದರೆ ಕೊಲೆಯ ಆಪಾದನೆ ಹಗುರಾಗುತ್ತದೆ, ಕೆಲವೇ ವರ್ಷದಲ್ಲಿ ಅವನು ಮನೆಗೆ ಬಂದಾನು ಎಂದರು. ಕಣ್ಣಾರೆ ಕಂಡ ಬೇರೆ ಸಾಕ್ಷಿಯಿರಲಿಲ್ಲ. ಕುಷ್ಟಗಿಯ ಕಚೇರಿಗೆ ನಾವು ಮೂವರೂ ಚಕ್ಕಡಿಯಲ್ಲಿ ಹೋದೆವು. ಸುಡುಸುಡು ಬಿಸಿಲು, ದಾರಿಯುದ್ದಕ್ಕೂ ನಾನು ಅವಳಿಗೆ ಹೇಳಬೇಕಾದದ್ದನ್ನು ಹೇಳಿಕೊಡುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು.

ವಿಚಾರಣೆ ಮಾಡುವ ಹಾಕಿಮರು ಎತ್ತರದ ಪೀಠದಲ್ಲಿದ್ದರು. ಅವರ ಬದಿಗೆ ಕಚೇರಿಯ ತರ್ಜುಮೆಗಾರ ನಿಂತಿದ್ದ. ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಅವನು ಉರ್ದುವಿನಲ್ಲಿ ಹೇಳುವುದು, ಅದನ್ನು ಬರೆದುಕೊಳ್ಳುವುದು. ಆ ಕೆಲಸ ನಾನು ಮಾಡುತ್ತೇನೆ ಎಂದು ಯಜಮಾನರು ಕೈಮುಗಿದು ಕೇಳಿದರು, ಅದೇ ಊರಿನವರು ಕೂಡದು ಎಂದರು. ಹನುಮವ್ವ ಕಟಕಟೆಯಲ್ಲಿ ನಿಂತಳು. ಆಚೆ ಕಡೆ ಬೇಡಿ ಹಾಕಿಕೊಂಡ ದುರ್ಗಪ್ಪ. ಕುಡಿತ ಬಿಟ್ಟು ಎಷ್ಟೋ ದಿನವಾದ್ದರಿಂದ ಅವನ ಮುಖ ಹಳೆಯ ದುರ್ಗಪ್ಪನದೇ ಆಗಿತ್ತು.

'ಏನ್ ಕಂಡಿ, ಹೇಳು' ಎಂದ ತರ್ಜುಮೆಗಾರ. ಹನುಮವ್ವ ಅವನ ಬಾಯಿಯನ್ನೇ ನೋಡಿದಳು. ಅವನು ಹಾಕಿಮರ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಅಂದ, ಹಾಕಿಮರು ಏನೋ ಅಂದರು, ಬರೆಯುವವನು ಬರೆದುಕೊಂಡ. ಇನ್ನೂ ಅವಳು ಒಂದು ಮಾತೂ ಆಡಿರಲಿಲ್ಲ, ಅಷ್ಟರಲ್ಲಿಯೇ ಇಷ್ಟು ಬರೆದರು. ಮತ್ತೆ ಕೇಳಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

'ಹೇಳ, ಹನುಮಿ' ಎಂದ ದುರ್ಗಪ್ಪ ಸಣ್ಣಗೆ.

ಅವಳು ಬಾಯಿ ತೆರೆಯಲಿಲ್ಲ. ಹಾಕಿಮರು ಬೇಸರದಿಂದ ಕೈಯಾಡಿಸಿದರು, ಅವಳನ್ನು ಕೆಳಗಿಳಿಸಿದರು. ನಾನು ಹೊರಗೆ ಬಂದು ಅವಳ ರಟ್ಟೆ ಹಿಡಿದು ಅಲುಗಿಸಿದೆ. ಊರೆಲ್ಲ ಕೇಳುವಂತೆ ಕೂಗುವ ಹೆಂಗಸು, ಗಂಡನ ಜೀವದ ಹೊತ್ತಿಗೆ ಮೂಕಿಯಾದೆಯಾ ಎಂದೆ. ನನಗೆ ಅಷ್ಟು ಸಿಟ್ಟು ಬಂದಿತ್ತು.

'ನಾ ಹೇಳಿದ್ದು ಅವ್ರ ಕಿವಿ ಮುಟ್ಟೂದ್ರಾಗ ಬ್ಯಾರೆ ಆಕ್ಕತಿರಿ, ಅಕ್ಕಾರ. ಸಣ್ಣೆಪ್ಪ ಕತ್ತಿ ಎತ್ತಿದ ಅಂತೀನಿ, ಅವ್ರು ಇಂವ ಎತ್ತಿದ ಅಂತ ಬರಕೋತಾರ. ನನ್ನ ಬಾಯಿಲೆ ಇವಗ ಗಲ್ಲು ಆಗೂದು ಬ್ಯಾಡ' ಎಂದಳು. ನನ್ನ ಸಿಟ್ಟು ಅಲ್ಲಿಯೇ ಇಳಿಯಿತು. ಅವಳ ರಟ್ಟೆ ಬಿಟ್ಟೆ.

ಕುಡಿದ ಅಮಲಿನಲ್ಲಿ ಕೊಂದನೆಂದು ಗುತ್ತೇದಾರನ ಮನುಷ್ಯ ಸಾಕ್ಷಿ ಹೇಳಿದ. ಬಾಟಲಿ ಕೊಟ್ಟವನೇ ಅವನು. ಮುಂದೆ ದೊಡ್ಡ ಕಚೇರಿಯಲ್ಲೂ ಅದೇ ನಿಂತಿತು, ದುರ್ಗಪ್ಪನಿಗೆ ಜೀವಾವಧಿಯಾಯಿತು, ಗುಲಬರ್ಗಾದ ಜೇಲಿನಲ್ಲಿಯೇ ಸತ್ತ. ಮಳೆಗಾಲಕ್ಕೆ ಮೊದಲೇ ನಮಗೆ ಯಲಬುರ್ಗಿಯ ಕಡೆಗೆ ವರ್ಗವಾಯಿತು. ಆ ಊರಿನಿಂದ ಹೊರಟ ದಿನವನ್ನು ನಾನು ಹೆಚ್ಚು ನೆನೆಯುವುದಿಲ್ಲ. ನೆನಪಾಗುವುದು ಕುಷ್ಟಗಿಯ ಕಚೇರಿಯ ಆ ಸಂಜೆಯೇ.

ಕೈದಿಗಳನ್ನು ರಾಯಚೂರಿಗೆ ಒಯ್ಯುವ ಮೋಟಾರು ಬಂದು ನಿಂತಿತ್ತು. ಜವಾನರು ದುರ್ಗಪ್ಪನನ್ನು ನಮ್ಮ ಮುಂದಿನಿಂದಲೇ ಕರೆದೊಯ್ದರು. ಅವನು ಹನುಮವ್ವನ ಎದುರು ಒಂದು ಗಳಿಗೆ ನಿಂತ. ಮುಖದಲ್ಲಿ ಸಿಟ್ಟಿರಲಿಲ್ಲ.

'ಛಲೋ ಮಾಡಿದಿ, ಹನುಮಿ. ಕುಡುಕಗ ಇದ ಸರಿ' ಎಂದ. ಹತ್ತಿದ, ಮೋಟಾರು ಹೊರಟಿತು.

ತಾನು ಬೇಕೆಂದೇ ಬಾಯಿ ಮುಚ್ಚಿಕೊಂಡೆನೆಂದು ಅವನು ತಿಳಿದು ಹೊರಟನೆಂಬುದು ಹನುಮವ್ವನಿಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು. ಆಮೇಲೆ ಓಡಿದಳು. ತಲೆಯ ಮೇಲಿನ ಸೆರಗು ಬಿದ್ದಿತ್ತು, 'ಹಂಗಲ್ಲೋ, ಹಂಗಲ್ಲೋ' ಎಂದು ತಿಂಗಳುಗಟ್ಟಲೆ ಕೇಳದಿದ್ದ ಆ ದೊಡ್ಡ ದನಿಯಲ್ಲಿ ಕೂಗುತ್ತ ನಾಲ್ಕು ದಾರಿ ಕೂಡುವ ತನಕ ಓಡಿದಳು. ಪ್ಯಾಟೆಯವರೆಲ್ಲ ಹೊರಗೆ ಬಂದು ನೋಡಿದರು, ಎಲ್ಲರಿಗೂ ಕೇಳಿಸಿತು. ಮೋಟಾರಿನ ಸದ್ದಿನಲ್ಲಿ ಅವನೊಬ್ಬನಿಗೇ ಕೇಳಿಸಲಿಲ್ಲ.